ಲುಬಾನ್: ಧೂಪದಿಂದ ಸೂಕ್ಷ್ಮದರ್ಶಕದವರೆಗೆ

ಮಸ್ಕತ್ತಿಗೆ ಬಂದ ಹೊಸತರಲ್ಲಿ ಮತ್ರಾ ಪೇಟೆಯ ಲುಬಾನ್ ಪರಿಮಳ ನನಗೆ ತವರಿನ ದೇವರಮನೆಯನ್ನು ನೆನಪಿಗೆ ತಂದಿತು. ಧೋಫಾರಿನ ಬಾಸ್ವೆಲಿಯಾ ಸಾಕ್ರಾ ಮರದ ತೊಗಟೆಯನ್ನು ಕೆತ್ತಿದಾಗ ಒಸರಿ ಗಟ್ಟಿಯಾಗುವ ಈ ಅಂಟು, ಪ್ರಾಚೀನ ಕಾಲದಲ್ಲಿ ಸುಮ್ಹುರಂ ಬಂದರಿನಿಂದ ದೂರದೇಶಗಳಿಗೆ ಸಾಗುತ್ತಿತ್ತು. ಆ ನೆಲೆಗಳು 2000ದಲ್ಲಿ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಆಯುರ್ವೇದದ ಶಲ್ಲಕಿಯೂ ಇದೇ ಕುಲದ ಮರ.

ಇದರ ಔಷಧಗುಣದ ಮರ್ಮವನ್ನು ವಿಜ್ಞಾನ ಅರಸಿದ್ದು ಈಚೆಗೆ. ಬಾಸ್ವೆಲಿಕ್ ಆಮ್ಲಗಳು ಉರಿಯೂತಕ್ಕೆ ಕಾರಣವಾಗುವ ಕಿಣ್ವವೊಂದನ್ನು ತಡೆಯುತ್ತವೆಂದು ಜರ್ಮನಿಯ ಟ್ಯೂಬಿಂಗೆನ್ ವಿಜ್ಞಾನಿಗಳು 1992ರಲ್ಲಿ ತೋರಿಸಿದರು. 2011ರ ಅಧ್ಯಯನವೊಂದರಲ್ಲಿ, ಧೋಫಾರಿನ ಮರದ ತೈಲ ಸೋಕಿದ ಸ್ತನಕ್ಯಾನ್ಸರ್ ಜೀವಕೋಶಗಳು ಜಾಲ ಕಟ್ಟಲಾರದೆ ಹೋದುದನ್ನು ಸೂಕ್ಷ್ಮದರ್ಶಕದ ಚಿತ್ರಗಳು ಕಾಣಿಸಿದವು.

ಅದೇ ರೋಗದಿಂದ ನರಳುತ್ತಿದ್ದ ನನ್ನ ಅಕ್ಕ ಈ ಸುದ್ದಿ ಕೇಳಿ, ಆಸ್ಪತ್ರೆಯನ್ನು ಬಿಟ್ಟು ಲುಬಾನ್ ನೆನೆಸಿದ ನೀರನ್ನೇ ಕುಡಿಯುವೆನೆಂದು ಹಟ ಹಿಡಿದಳು. "ಅಕ್ಕಾ, ಅದು ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದು. ಮೈಯೊಳಗೂ ಹಾಗೆಯೇ ಆಗುವುದೆಂದು ಅದರಿಂದ ಸಿದ್ಧವಾಗದು" ಎಂದೆ. ಬಹಳ ದಿನ ಮುನಿದಿದ್ದು, ಕೊನೆಗೆ ಚಿಕಿತ್ಸೆಗೆ ಒಪ್ಪಿದಳು. ಈಗ ನಾನು ಕಳಿಸಿದ ಲುಬಾನನ್ನು ಸಂಜೆ ದೇವರ ಮುಂದೆ ಕೆಂಡಕ್ಕೆ ಹಾಕುತ್ತಾಳೆ.

ಪ್ರತಿನಿಧಿ ಬಂಧುಗಳೇ, ಊರಿಗೆ ಲುಬಾನ್ ಒಯ್ಯುವಾಗ ಈ ಮಾತನ್ನೂ ಜೊತೆಗೆ ಒಯ್ಯಿರಿ.