ಹರವಿಯ ತಂಪು, ಗಣಕದ ತಂಪು

ನವಲಗುಂದದ ಜಮಖಾನೆಯ ಕೀರ್ತಿಯನ್ನು ವಾಚಕರು ಬಲ್ಲರು. ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಭ್ಯಾಸಕ್ಕೆ ಕೂಡುವ ಹುಡುಗರು, ಬೇಸಿಗೆಯಲ್ಲಿ ಯಂತ್ರ ಕಾದು ನಿಧಾನವಾಯಿತೆಂದು ಗೊಣಗುತ್ತಾರೆ. ಇದು ಹಳೆಯ ಬಾಧೆ. ಅಮೆರಿಕದಲ್ಲಿ 1946ರಲ್ಲಿ ಲೋಕಕ್ಕೆ ಕಾಣಿಸಿಕೊಂಡ ಎನಿಯಾಕ್ ಗಣಕದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗಿ ಶಾಖವನ್ನು ಕಾರುತ್ತಿತ್ತು.

ಟ್ರಾನ್ಸಿಸ್ಟರು ಬಂದು ಯಂತ್ರ ಕಿರಿದಾಯಿತು, ಶಾಖ ತಪ್ಪಲಿಲ್ಲ. 1963ರಲ್ಲಿ ಲಾಸ್ ಅಲಾಮಾಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರ್ ಶಾಖನಾಳವನ್ನು ರೂಪಿಸಿದರು. ಆ ಕಲ್ಪನೆಗೆ ರಿಚರ್ಡ್ ಗಾಗ್ಲರ್ 1944ರಲ್ಲಿಯೇ ಪೇಟೆಂಟ್ ಪಡೆದಿದ್ದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. ಇಂದಿನ ಅನೇಕ ಲ್ಯಾಪ್‌ಟಾಪುಗಳೊಳಗೆ ಇಂಥ ತಾಮ್ರದ ನಾಳವಿದೆ. ಅದರಲ್ಲಿ ತುಸು ನೀರು. ಚಿಪ್‌ನ ಬಿಸಿಗೆ ಅದು ಆವಿಯಾಗಿ ಪಂಖಾದ ಬಳಿಗೆ ಹೋಗಿ, ಶಾಖವನ್ನು ಬಿಟ್ಟು, ಮತ್ತೆ ನೀರಾಗಿ ಹಿಂದಿರುಗುತ್ತದೆ. ವೈಶಾಖದಲ್ಲಿ ನಮ್ಮ ಹರವಿಯ ಮೈ ಬೆವರಿ, ಆ ಬೆವರು ಆರುವಾಗ ಒಳಗಿನ ನೀರು ತಂಪಾಗುವುದೂ ಇದೇ ನ್ಯಾಯದಿಂದಲೇ. ಹರವಿಯ ಆವಿ ಬಯಲಿಗೆ ಹೋಗುತ್ತದೆ, ನಾಳದ್ದು ಒಳಗೇ ಸುತ್ತುತ್ತದೆ, ಭೇದ ಇಷ್ಟೇ.

ಎರಡಕ್ಕೂ ಗಾಳಿ ಬೇಕು. ಪಂಖಾ ಇರುವ ಬಹಳಷ್ಟು ಲ್ಯಾಪ್‌ಟಾಪುಗಳು ಅಡಿಯ ಕಂಡಿಗಳಿಂದ ಉಸಿರೆಳೆಯುತ್ತವೆ. ಬಟ್ಟೆ ಅವುಗಳನ್ನು ಮುಚ್ಚಿದರೆ ಚಿಪ್ ಕಾದು, ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನಮ್ಮ ಎರೆಭೂಮಿಯ ಧೂಳು ಬೇರೆ! ಕಂಡಿಗಳನ್ನು ಆಗಾಗ ಒರಸಬೇಕು. ಯಂತ್ರ ಮಣೆಯ ಮೇಲಿರಲಿ. ಜಮಖಾನೆಯ ಮೇಲೆ ತಾವು ಕುಳಿತುಕೊಳ್ಳಿರಿ.