ಪವರ್ ಟಿಲ್ಲರ್ ಮತ್ತು ಮನೆಗೊಬ್ಬರ: ಸಣ್ಣ ಹಿಡುವಳಿಯ ಸಾವಯವ ಬೇಸಾಯ

ಪವರ್ ಟಿಲ್ಲರ್ ಎಂದರೆ ಹಿಡಿಕೆ ಹಿಡಿದು, ಹಿಂದೆ ನಡೆಯುತ್ತ ಓಡಿಸುವ ಎರಡು ಚಕ್ರದ ಉಳುಮೆ ಯಂತ್ರ. ನಮ್ಮ ರೈತರ ಬಾಯಲ್ಲಿ ಅದು ಬರೀ ‘ಟಿಲ್ಲರ್’. ಮನೆಗೊಬ್ಬರವೆಂದರೆ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಎರೆಗೊಬ್ಬರ, ಹಸಿರೆಲೆ, ಸುಡುಮಣ್ಣು, ಜೀವಾಮೃತ ಮೊದಲಾಗಿ ರೈತ ತನ್ನ ಹೊಲಮನೆಯಲ್ಲೇ ಸಿದ್ಧಮಾಡಿಕೊಳ್ಳುವ ಮಣ್ಣಿನ ಆಹಾರ. ಇವೆರಡನ್ನೂ ಜೊತೆಯಾಗಿ ವಿವರಿಸಲು ಕಾರಣವಿದೆ. ಕರ್ನಾಟಕದ ಸಣ್ಣ ಹಿಡುವಳಿಗೆ ಟಿಲ್ಲರ್ ಬಂದದ್ದು ಎತ್ತಿನ ಜಾಗಕ್ಕೆ. ಎತ್ತು ಉಳುತ್ತಲೂ ಇತ್ತು, ಸಗಣಿ ಹಾಕುತ್ತಲೂ ಇತ್ತು. ಟಿಲ್ಲರ್ ವಹಿಸಿಕೊಂಡದ್ದು ಮೊದಲನೆಯ ಕೆಲಸವನ್ನು ಮಾತ್ರ. ಎರಡನೆಯ ಕೆಲಸ ಯಾರ ಪಾಲಿಗೂ ಬೀಳದೆ ಉಳಿದ ಹೊಲಗಳಲ್ಲಿ ಮಣ್ಣು ಸೊರಗಿದೆ.

2015–16ರ ಕೃಷಿ ಗಣತಿಯಂತೆ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗೂ ಕಡಿಮೆ. ಅದೂ ಅಣ್ಣತಮ್ಮಂದಿರ ಪಾಲಿನಲ್ಲಿ ಎರಡು ಮೂರು ತುಂಡಾಗಿರುತ್ತದೆ. ಮಲೆನಾಡಿನ ಮೆಟ್ಟಿಲುಗದ್ದೆಗೂ ಕರಾವಳಿಯ ಅಂಗೈಯಗಲದ ಗದ್ದೆಗೂ ದೊಡ್ಡ ಟ್ರ್ಯಾಕ್ಟರ್ ಇಳಿಯುವುದಿಲ್ಲ. ಇಳಿದರೂ ತಿರುಗಲು ಜಾಗವಿಲ್ಲ. ಟಿಲ್ಲರ್ ನೆಲೆಯೂರಿದ್ದು ಇಂಥ ಕಡೆಗಳಲ್ಲೇ.

ಯಂತ್ರ ಬಂದ ದಾರಿ

ತಿರುಗುವ ಅಲಗುಗಳಿಂದ ಮಣ್ಣು ಸಡಿಲಿಸುವ ಯಂತ್ರಕ್ಕೆ 20ನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೆಯೆನ್‌ಬುರ್ಗ್ ರೂಪ ಕೊಟ್ಟರು. ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೊವರ್ಡ್ 1912ರಲ್ಲಿ ತಂದೆಯ ಜಮೀನಿನಲ್ಲಿ ಪ್ರಯೋಗ ಶುರುಮಾಡಿ, 1920ರಲ್ಲಿ ತಮ್ಮ ರೋಟರಿ ಯಂತ್ರಕ್ಕೆ ಪೇಟೆಂಟ್ ಪಡೆದರು. ಆದರೆ ಅದನ್ನು ಬಡ ರೈತನ ಯಂತ್ರವಾಗಿಸಿದ್ದು ಎರಡನೆಯ ಮಹಾಯುದ್ಧದ ನಂತರದ ಜಪಾನ್. ಅಲ್ಲಿಯೂ ಹಿಡುವಳಿ ಚಿಕ್ಕದು, ಬೆಳೆ ಭತ್ತ. ಭಾರತಕ್ಕೆ ಇದು ಬಂದದ್ದೂ ಜಪಾನಿನ ಕೈಹಿಡಿದೇ: ಬೆಂಗಳೂರಿನ ವಿಎಸ್‌ಟಿ ಸಂಸ್ಥೆ 1967ರಲ್ಲಿ ಮಿತ್ಸುಬಿಷಿಯ ಸಹಯೋಗದಲ್ಲಿ, ಕೇರಳದ ಸರ್ಕಾರಿ ಸಂಸ್ಥೆ ಕಾಮ್ಕೋ 1973ರಲ್ಲಿ ಕುಬೋಟಾದ ಸಹಯೋಗದಲ್ಲಿ ಆರಂಭವಾದವು.

ಹೊಲದಲ್ಲಿ ಹೆಚ್ಚಾಗಿ ಕಾಣುವುದು 12–13 ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಡೀಸೆಲ್ ಟಿಲ್ಲರ್. ಎಂಜಿನ್ ಮುಂದೆ, ರೋಟರಿ ಹಿಂದೆ, ಅದರ ಹಿಂದೆ ಆಳವನ್ನು ಹೆಚ್ಚು ಕಡಿಮೆ ಮಾಡಲು ಒಂದು ಚಿಕ್ಕ ಚಕ್ರ. ಕೆಸರು ಗದ್ದೆಗೆ ಇಳಿಸುವಾಗ ರಬ್ಬರ್ ಟೈರು ಬಿಚ್ಚಿ ಕಬ್ಬಿಣದ ಕೇಜ್ ವೀಲ್ ಹಾಕುತ್ತಾರೆ. ರೋಟರಿ ಕಳಚಿ ಟ್ರೈಲರ್ ಸಿಕ್ಕಿಸಿದರೆ ಅದೇ ಯಂತ್ರ ಗೊಬ್ಬರ, ಹುಲ್ಲು, ಅಡಿಕೆಗೊನೆ ಹೊರುತ್ತದೆ. ಇದಕ್ಕಿಂತ ಚಿಕ್ಕದಾದ ಪವರ್ ವೀಡರ್‌ಗಳು ತರಕಾರಿ ಸಾಲುಗಳ ನಡುವೆ ಕಳೆ ತೆಗೆಯಲು ಬಳಕೆಯಲ್ಲಿವೆ.

ನಡಿಗೆಯ ಲೆಕ್ಕ ಹಾಕಿದರೆ ಇದರ ಉಪಕಾರ ತಿಳಿಯುತ್ತದೆ. ನೇಗಿಲಿನ ಸಾಲು ಸುಮಾರು 15 ಸೆಂ.ಮೀ. ಅಗಲ; ಒಂದು ಎಕರೆ ಉಳಲು ಎತ್ತಿನ ಹಿಂದೆ 27 ಕಿ.ಮೀ. ನಡೆಯಬೇಕು. 60 ಸೆಂ.ಮೀ. ಅಗಲದ ರೋಟರಿಗೆ ಏಳು ಕಿ.ಮೀ. ಒಳಗೇ ಮುಗಿಯುತ್ತದೆ. ಆದರೂ ಇದು ಆರಾಮದ ಕೆಲಸವಲ್ಲ. ಹಿಡಿಕೆಯ ನಡುಕ ಮೊಣಕೈವರೆಗೆ ಏರುತ್ತದೆ, ಬದುವಿನ ಅಂಚಿನಲ್ಲಿ ಯಂತ್ರವನ್ನು ಎತ್ತಿ ತಿರುಗಿಸುವಾಗ ಸೊಂಟ ಹಿಡಿಯುತ್ತದೆ.

ಮಲೆನಾಡಿನಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠ ಇಳಿಜಾರಿನದು. ಸಮತಟ್ಟಿನಲ್ಲಿ ಎಡಗೈಯ ಕ್ಲಚ್ ಒತ್ತಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಇಳಿಯುವಾಗ ಅದೇ ಕ್ಲಚ್ ಒತ್ತಿದರೆ ಎಡಚಕ್ರ ತಡೆಯಿಲ್ಲದೆ ಉರುಳಿ ಮುಂದೆ ಹೋಗುತ್ತದೆ, ಯಂತ್ರ ಬಲಕ್ಕೆ ಹೊರಳುತ್ತದೆ. ಇದು ತಿಳಿಯದವನನ್ನು ಟಿಲ್ಲರ್ ಸೀದಾ ಕೆಳಗಿನ ಗದ್ದೆಗೆ ಒಯ್ಯುತ್ತದೆ. ಹಿಂದಕ್ಕೆ ತೆಗೆಯುವಾಗ ರೋಟರಿ ನಿಲ್ಲಿಸಲೇಬೇಕು. ಮರೆತರೆ ಅಲಗುಗಳು ಓಡಿಸುವವನ ಕಾಲಿಗೇ ಬರುತ್ತವೆ.

ಮಣ್ಣು ಕಳೆದುಕೊಳ್ಳುವುದೇನು

ರೋಟರಿ ಹೊಡೆದ ಹೊಲ ನೋಡಲು ಚೆಂದ, ಹಿಟ್ಟಿನಂತೆ ಇರುತ್ತದೆ. ಮೋಸ ಇರುವುದೂ ಅಲ್ಲೇ. ಮಣ್ಣಿನ ಸಣ್ಣ ಹರಳುಗಂಟುಗಳು ಒಡೆದಾಗ ಒಳಗಿದ್ದ ಸಾವಯವ ಅಂಶಕ್ಕೆ ಗಾಳಿ ತಗಲುತ್ತದೆ, ಜೀವಾಣುಗಳು ಅದನ್ನು ಬೇಗ ತಿಂದು ಮುಗಿಸುತ್ತವೆ. ಆ ವರ್ಷ ಬೆಳೆ ಚೆನ್ನಾಗಿಯೇ ಬರುತ್ತದೆ, ಏಕೆಂದರೆ ಕೂಡಿಟ್ಟಿದ್ದ ಪೋಷಕಾಂಶ ಒಮ್ಮೆಗೇ ಬಿಡುಗಡೆಯಾಗಿರುತ್ತದೆ. ಕೊರತೆ ತಿಳಿಯುವುದು ನಾಲ್ಕೈದು ವರ್ಷದ ಮೇಲೆ. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಪರೀಕ್ಷೆಯಲ್ಲಿ ‘ಕಡಿಮೆ’ ಎಂದು ಬರೆಯುತ್ತಾರೆ; ಬಯಲುಸೀಮೆಯ ಕೆಂಪು ನೆಲದಲ್ಲಿ ಈ ಮಾತು ಬರುವುದು ಸಾಮಾನ್ಯ. ಹಿಟ್ಟಾದ ಮಣ್ಣು ಮೊದಲ ಜೋರು ಮಳೆಗೆ ಹೆಪ್ಪುಗಟ್ಟುತ್ತದೆ, ರಾಗಿಯ ಮೊಳಕೆ ಆ ಹೆಪ್ಪನ್ನು ಒಡೆದು ಮೇಲೇಳಲಾರದು. ಪ್ರತಿಸಲ ಒಂದೇ ಆಳಕ್ಕೆ ಹೊಡೆದರೆ ಅಲಗಿನ ತುದಿ ಸವರಿದ ಮಟ್ಟದಲ್ಲಿ ಗಟ್ಟಿ ಪದರವೂ ಆಗುತ್ತದೆ.

ಕಳೆಯದು ಬೇರೆ ಕಥೆ. ಗರಿಕೆಯನ್ನು ರೋಟರಿ ನೂರು ತುಂಡು ಮಾಡುತ್ತದೆ, ಗೆಣ್ಣಿರುವ ಪ್ರತಿ ತುಂಡೂ ಚಿಗುರುತ್ತದೆ. ಜೇಕಿನ ಗಡ್ಡೆಗಳು ಹೊಲದ ಮೂಲೆಯಿಂದ ಮೂಲೆಗೆ ಹರಡುತ್ತವೆ. ಕಳೆನಾಶಕ ಮುಟ್ಟದ ಸಾವಯವ ರೈತನಿಗೆ ಇದು ದೊಡ್ಡ ಪೆಟ್ಟು. ಇಂಥ ಕಳೆಯಿರುವ ಹೊಲಕ್ಕೆ ಬೇಸಿಗೆಯಲ್ಲಿ ನೇಗಿಲು ಹಾಕಿ, ಬೇರುಗಡ್ಡೆಗಳನ್ನು ಬಿಸಿಲಿಗೆ ಒಣಗಿಸಿ, ಆಯ್ದು ತೆಗೆದ ಮೇಲೆಯೇ ರೋಟರಿ ಇಳಿಸಬೇಕು. ಬಾಡಿಗೆಗೆ ಬಂದ ಟಿಲ್ಲರಿನ ಅಲಗಿಗೆ ಅಂಟಿದ ಮಣ್ಣನ್ನು ಬದುವಿನ ಹೊರಗೇ ತೊಳೆಸುವುದು ಜಾಣತನ. ಪಕ್ಕದ ಊರಿನ ಪಾರ್ಥೇನಿಯಂ ಬೀಜ ಬರುವ ದಾರಿಗಳಲ್ಲಿ ಅದೂ ಒಂದು.

ಹಾಗಾಗಿ ಉಳುಮೆಯ ಸಂಖ್ಯೆ ಕಡಿಮೆಯಿರಲಿ, ಹದ ನೋಡಿ ಉಳಲಿ ಎಂಬುದು ಅನುಭವಸ್ಥರ ಮಾತು. ಹದ ನೋಡಲು ಯಂತ್ರ ಬೇಡ. ಗೇಣುದ್ದ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಬೇಕು. ಬಿದ್ದು ಪುಡಿಯಾದರೆ ಹದ ಬಂದಿದೆ. ಮುದ್ದೆಯಾಗಿ ಕೂತರೆ ಇನ್ನೂ ಎರಡು ದಿನ ಕಾಯಬೇಕು. ಉಂಡೆಯೇ ಕಟ್ಟದಿದ್ದರೆ ಹೊತ್ತು ಮೀರಿದೆ, ಈಗ ರೋಟರಿ ಹೊಡೆದರೆ ಏಳುವುದು ಬರೀ ಧೂಳು. ಎರೆಭೂಮಿಯಲ್ಲಿ ಈ ಹದದ ಅವಧಿ ತೀರಾ ಚಿಕ್ಕದು. ಅಡಿಕೆ ತೋಟದಲ್ಲಂತೂ ರೋಟರಿ ಬೇಡವೇ ಬೇಡ: ಮರದ ಉಣ್ಣುವ ಬೇರುಗಳು ಮೇಲ್ಮಣ್ಣಿನಲ್ಲೇ ಹೆಣೆದಿರುತ್ತವೆ. ಅಲ್ಲಿ ಟಿಲ್ಲರ್ ಗೊಬ್ಬರ ಹೊರಲಷ್ಟೇ ಇರಲಿ. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿ (ನಿಧನ 2019) ಅವರಂಥ ಹಿರಿಯ ಸಾವಯವ ಕೃಷಿಕರು ಉಳುಮೆ ತಗ್ಗಿಸಿ, ನೆಲಕ್ಕೆ ಸದಾ ತರಗಿನ ಹೊದಿಕೆ ಇರಲಿ ಎಂದು ಊರೂರಿಗೆ ಹೋಗಿ ಹೇಳಿದರು.

ಮನೆಗೊಬ್ಬರ

ಗೊಬ್ಬರ ಮಾಡುವ ವಿದ್ಯೆಯಲ್ಲಿ ಈ ನೆಲದ ಹೆಸರು ಹೊತ್ತ ಪದ್ಧತಿಯೇ ಇದೆ. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ, ಕಸಕಡ್ಡಿ ಮತ್ತು ಸಗಣಿಯನ್ನು ಪದರಪದರವಾಗಿ ಪೇರಿಸಿ ಆಗಾಗ ಮಗುಚುವ ‘ಇಂದೋರ್ ಪದ್ಧತಿ’ಯನ್ನು ರೂಪಿಸಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು ಬೇರೆ ದಾರಿ ತೋರಿಸಿದರು: ಗುಂಡಿಯಲ್ಲಿ ಪದರ ಹಾಕಿ, ಮೇಲೆ ಮಣ್ಣು ಮೆತ್ತಿ, ಮಗುಚದೆ ಆರೆಂಟು ತಿಂಗಳು ಬಿಡುವುದು. ಇದೇ ‘ಬೆಂಗಳೂರು ಪದ್ಧತಿ’. ಇದಕ್ಕೆ ನೀರೂ ಕೂಲಿಯೂ ಕಡಿಮೆ, ಸಾರಜನಕ ಆವಿಯಾಗುವುದೂ ಕಡಿಮೆ. ಆಳು ಸಿಗದ ಇಂದಿನ ದಿನಕ್ಕೆ ಇದಕ್ಕಿಂತ ಒಪ್ಪುವ ಪದ್ಧತಿ ಇಲ್ಲ. ಬಿಸಿಲಿಗೆ ಒಣಗಿ, ಮಳೆಗೆ ತೊಳೆದುಹೋಗುವ ತೆರೆದ ತಿಪ್ಪೆಯನ್ನು ನೋಡಿದಾಗ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ.

ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಸೊಪ್ಪಿನ ಬೆಟ್ಟದ ಹಕ್ಕಿದೆ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ. ಅಲ್ಲಿಯ ಸೊಪ್ಪು, ದರಗು ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು, ಗಂಜಲ ಹೀರಿ ಗೊಬ್ಬರವಾಗುತ್ತದೆ. ಕರಾವಳಿಯಲ್ಲಿ ತರಗೆಲೆ ಮತ್ತು ಮಣ್ಣನ್ನು ಒಟ್ಟಿ ನಿಧಾನ ಸುಟ್ಟ ಸುಡುಮಣ್ಣು ಬಸಳೆ, ತರಕಾರಿಗೆ ಹೋಗುತ್ತದೆ. ಅದರಲ್ಲಿ ಪೊಟ್ಯಾಷ್ ಉಳಿದು ಸಾರಜನಕ ಹಾರಿಹೋಗಿರುತ್ತದೆ. ಬಯಲುಸೀಮೆಯಲ್ಲಿ ಕೆರೆಯ ಹೂಳು, ಹೊಂಗೆ ಮತ್ತು ಬೇವಿನ ಹಿಂಡಿ, ಬದುವಿನ ಮೇಲೆ ಬೆಳೆಸಿದ ಗ್ಲಿರಿಸಿಡಿಯಾ ಸೊಪ್ಪು ಬಳಕೆಯಲ್ಲಿವೆ.

ಇತ್ತೀಚಿನ ದಶಕಗಳಲ್ಲಿ ಹೆಚ್ಚು ಹೆಸರಾದದ್ದು ಜೀವಾಮೃತ. ಮಹಾರಾಷ್ಟ್ರದ ಸುಭಾಷ್ ಪಾಳೇಕರ್ ಪ್ರಚಾರ ಮಾಡಿದ ಈ ದ್ರವಕ್ಕೆ 200 ಲೀಟರ್ ನೀರು, 10 ಕೆ.ಜಿ. ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆ.ಜಿ. ಬೆಲ್ಲ, 2 ಕೆ.ಜಿ. ಯಾವುದಾದರೂ ಬೇಳೆಯ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು ಬೇಕು. ಡ್ರಮ್ಮನ್ನು ನೆರಳಲ್ಲಿಟ್ಟು, ಗೋಣಿ ಮುಚ್ಚಿ, ದಿನಕ್ಕೆರಡು ಸಲ ಕೋಲಿನಿಂದ ತಿರುಗಿಸುತ್ತಾರೆ. ಮೇಲೆ ನೊರೆಗುಳ್ಳೆ ಏಳುತ್ತದೆ, ಸಗಣಿಯ ವಾಸನೆ ತಗ್ಗಿ ಹುಳಿವಾಸನೆ ಬರುತ್ತದೆ. ಎರಡು ದಿನದಲ್ಲಿ ಸಿದ್ಧ. ಒಂದು ಎಕರೆಗೆ ಅಷ್ಟು ಸಾಕು ಎನ್ನುತ್ತಾರೆ.

ಇಲ್ಲಿ ಒಂದು ಲೆಕ್ಕವನ್ನು ರೈತರ ಮುಂದಿಡಲೇಬೇಕು. ಆ ಡ್ರಮ್ಮಿನ ಸಗಣಿ, ಗಂಜಲ, ಹಿಟ್ಟು ಎಲ್ಲವನ್ನೂ ಕೂಡಿಸಿದರೂ ಸಾರಜನಕ ಸುಮಾರು 200 ಗ್ರಾಂ. ಮಳೆಯಾಶ್ರಿತ ರಾಗಿಗೆ ಶಿಫಾರಸು ಇರುವುದು ಎಕರೆಗೆ 20 ಕೆ.ಜಿ. ಹತ್ತಿರ. ಅದೇ ಮೂರು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಶೇ. 0.5ರಂತೆ 15 ಕೆ.ಜಿ. ಇರುತ್ತದೆ, ಅದೂ ಎರಡು ಮೂರು ವರ್ಷಗಳಲ್ಲಿ ನಿಧಾನವಾಗಿ ಸಿಗುತ್ತದೆ. ಹಾಗೆಂದು ಜೀವಾಮೃತ ವ್ಯರ್ಥವಲ್ಲ. ಇದೇ ಬಗೆಯ, ಬೀಜೋಪಚಾರಕ್ಕೆ ಬಳಸುವ ಬೀಜಾಮೃತದಲ್ಲಿ ಬೆಳೆಗೆ ನೆರವಾಗುವ ಬ್ಯಾಕ್ಟೀರಿಯಾಗಳಿರುವುದನ್ನು ಧಾರವಾಡದ ಕೃಷಿ ವಿಜ್ಞಾನಿಗಳು 2009ರಲ್ಲಿ ದಾಖಲಿಸಿದ್ದಾರೆ. ಇವೆಲ್ಲ ಹಾಲಿಗೆ ಹಾಕುವ ಹೆಪ್ಪಿನಂತೆ. ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿದರೆ ಮೊಸರಾಗದು. ತರಗು, ಸೊಪ್ಪು, ಗೊಬ್ಬರ ಇಲ್ಲದ ಬೋಳು ನೆಲಕ್ಕೆ ಜೀವಾಮೃತ ಸುರಿದು ಫಲ ಕಾಣದೆ ಸಾವಯವವನ್ನೇ ಬಿಟ್ಟವರಿದ್ದಾರೆ.

ಎರಡೂ ಕೂಡುವ ಜಾಗ

ಟಿಲ್ಲರ್ ತನ್ನ ಋಣ ತೀರಿಸುವುದು ಹಸಿರೆಲೆ ಗೊಬ್ಬರದಲ್ಲಿ. ಮುಂಗಾರಿನ ಮೊದಲ ಮಳೆಗೆ ಸೆಣಬು ಅಥವಾ ಡಯಾಂಚ ಬಿತ್ತಿ, 45–50 ದಿನಕ್ಕೆ, ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸುವ ಕೆಲಸ ಎತ್ತಿನ ನೇಗಿಲಿಗೆ ಕಷ್ಟ, ರೋಟರಿಗೆ ಸುಲಭ. ತಡಮಾಡಿದರೆ ಮಾತ್ರ ಕೆಡುತ್ತದೆ: ನಾರುಗಟ್ಟಿದ ಸೆಣಬು ರೋಟರಿಯ ದಂಡಕ್ಕೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಆಗ ಎಂಜಿನ್ ನಿಲ್ಲಿಸಿ, ಕುಡುಗೋಲಿನಿಂದ ಕೊಯ್ದು ಕೊಯ್ದು ಬಿಡಿಸಬೇಕು. ಬೆಳೆದ ಸೆಣಬನ್ನು ಮೊದಲೇ ಎರಡು ತುಂಡಾಗಿ ಕೊಯ್ದು ಹರಡಿ, ಆಮೇಲೆ ಟಿಲ್ಲರ್ ಬಿಡುವುದು ಒಳ್ಳೆಯದು. ಗದ್ದೆಯಲ್ಲಾದರೆ ನೀರು ನಿಲ್ಲಿಸಿ, ಕೇಜ್ ವೀಲಿನಲ್ಲಿ ತುಳಿಸಿ, ವಾರ ಹತ್ತು ದಿನ ಕೊಳೆಯಲು ಬಿಟ್ಟು ನಾಟಿ ಮಾಡುತ್ತಾರೆ.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿಯನ್ನು ಪ್ರಕಟಿಸಿತು. ಯಂತ್ರ ಬಳಸಿದರೆ ಸಾವಯವ ಪ್ರಮಾಣಪತ್ರಕ್ಕೆ ಅಡ್ಡಿಯಿಲ್ಲ. ರಾಸಾಯನಿಕ ಬಳಸಿದ ಹೊಲದಿಂದ ಬಂದ ಯಂತ್ರವನ್ನು ತೊಳೆದು ಇಳಿಸಬೇಕು, ಡೀಸೆಲ್, ಎಣ್ಣೆ ಸೋರಬಾರದು.

ಕೊಳ್ಳುವುದೋ ಬಾಡಿಗೆಗೆ ತರುವುದೋ ಎಂಬ ಪ್ರಶ್ನೆಗೆ ಉತ್ತರವೂ ಲೆಕ್ಕದಲ್ಲೇ ಇದೆ. ಒಂದು ಎಕರೆಗೆ ಒಂದು ಸುತ್ತು ರೋಟರಿ ಹೊಡೆಯಲು ತಿರುವು ಸೇರಿ ನಾಲ್ಕು ಗಂಟೆ. ಎರಡು ಎಕರೆಯವನು ಎರಡು ಹಂಗಾಮಿನಲ್ಲಿ ಎರಡೆರಡು ಸುತ್ತು ಹೊಡೆದರೂ ವರ್ಷಕ್ಕೆ 32 ಗಂಟೆ, ನಾಲ್ಕು ದಿನದ ಕೆಲಸ. ಉಳಿದ ದಿನ ಯಂತ್ರ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ. 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳು ಹುಟ್ಟಿದ್ದು ಇಂಥವರಿಗಾಗಿಯೇ. ದನದ ಲೆಕ್ಕ ಇದಕ್ಕೆ ತಿರುವುಮುರುವು. ದಿನಕ್ಕೆ ಹತ್ತು ಕೆ.ಜಿ. ಸಗಣಿ ಹಾಕುವ ಹಸು ವರ್ಷಕ್ಕೆ ಮೂರೂವರೆ ಟನ್ ಕೊಡುತ್ತದೆ. ಸೊಪ್ಪುದರಗು ಸೇರಿಸಿ ಕೊಳೆಸಿದರೆ ಎರಡು ಟನ್‌ನಷ್ಟು ಗೊಬ್ಬರ ಕೈಗೆ ಬರುತ್ತದೆ. ಎರಡೆಕರೆ ರಾಗಿಹೊಲಕ್ಕೆ ಬೇಕಾದದ್ದು ಆರು ಟನ್: ಎರಡು ರಾಸು, ಅದರ ಜೊತೆ ಒಂದು ಸೆಣಬಿನ ಬೆಳೆ. ಟಿಲ್ಲರ್ ಬಾಡಿಗೆಗೆ ಬರಲಿ, ಕೊಟ್ಟಿಗೆಯ ದನ ಮಾತ್ರ ಸ್ವಂತದ್ದಿರಲಿ.