ಶಸ್ತ್ರಚಿಕಿತ್ಸೆಯ ತೊಡಕು ಮತ್ತು ವೈದ್ಯಕೀಯ ನಿರ್ಲಕ್ಷ್ಯ

ಶಸ್ತ್ರಚಿಕಿತ್ಸೆಯ ತೊಡಕು ಎಂದರೆ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಅಥವಾ ಅದರ ನಂತರ ಉಂಟಾಗಿ ರೋಗಿಯ ಚೇತರಿಕೆಗೆ ಅಡ್ಡಿಯಾಗುವ ಅನಪೇಕ್ಷಿತ ಘಟನೆ. ವೈದ್ಯಕೀಯ ನಿರ್ಲಕ್ಷ್ಯ ಎಂದರೆ ಸಾಧಾರಣ ಕುಶಲತೆಯುಳ್ಳ ವೈದ್ಯನೊಬ್ಬ ತೋರಬೇಕಾದ ಎಚ್ಚರವನ್ನು ತೋರದೆ, ಆ ಕಾರಣದಿಂದಲೇ ರೋಗಿಗೆ ಹಾನಿಯಾಗುವುದು. ಮೊದಲನೆಯದು ರೋಗಿಯ ದೇಹದಲ್ಲಿ ಆದುದನ್ನು ಹೇಳುತ್ತದೆ. ಎರಡನೆಯದು ವೈದ್ಯರ ನಡವಳಿಕೆಯನ್ನು. ಆದ್ದರಿಂದ ಇವು ಪರಸ್ಪರ ವಿರುದ್ಧ ಪದಗಳಲ್ಲ. ಒಂದೇ ಘಟನೆ ಎರಡೂ ಆಗಬಹುದು, ಅಥವಾ ತೊಡಕು ಮಾತ್ರವೇ ಆಗಬಹುದು. ಶಸ್ತ್ರಚಿಕಿತ್ಸೆ ಕೆಟ್ಟಿತು ಎಂಬುದೊಂದರಿಂದಲೇ ತಪ್ಪು ನಡೆದಿದೆ ಎನ್ನಲಾಗದು. "ಇದು ಎಲ್ಲರಿಗೂ ಆಗುವ ತೊಡಕು" ಎಂಬ ಉತ್ತರದಿಂದಲೇ ತಪ್ಪಿಲ್ಲವೆಂದೂ ಆಗದು.

ತೊಡಕುಗಳ ಸ್ವರೂಪ

ರಕ್ತಸ್ರಾವ, ಗಾಯದಲ್ಲಿ ಕೀವಾಗುವುದು, ಹೊಲಿಗೆ ಬಿಚ್ಚಿಕೊಳ್ಳುವುದು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದು, ಅರಿವಳಿಕೆ ಔಷಧಕ್ಕೆ ಪ್ರತಿಕ್ರಿಯೆ ಮುಂತಾದವು ಸಾಮಾನ್ಯ ತೊಡಕುಗಳು. ಸಕ್ಕರೆ ಕಾಯಿಲೆ, ರಕ್ತಹೀನತೆ, ಧೂಮಪಾನ, ಇಳಿವಯಸ್ಸು, ತುರ್ತು ಸ್ಥಿತಿಯಲ್ಲಿ ನಡೆಯುವ ಶಸ್ತ್ರಚಿಕಿತ್ಸೆ ಇವೆಲ್ಲ ಅವುಗಳ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ತೊಡಕಿನ ತೀವ್ರತೆಯನ್ನು ಅಳೆಯಲು 2004ರಲ್ಲಿ ಪ್ರಕಟವಾದ ಕ್ಲೇವಿಯನ್–ಡಿಂಡೊ ವರ್ಗೀಕರಣ ಬಳಕೆಯಲ್ಲಿದೆ. ಅದರ ಐದು ದರ್ಜೆಗಳಲ್ಲಿ ಕೊನೆಯದು ರೋಗಿಯ ಮರಣ. ಈ ವರ್ಗೀಕರಣ ತೊಡಕಿಗೆ ಯಾವ ಚಿಕಿತ್ಸೆ ಬೇಕಾಯಿತು ಎಂಬುದನ್ನು ಆಧರಿಸಿದೆಯೇ ಹೊರತು ಯಾರ ತಪ್ಪು ಎಂಬುದನ್ನಲ್ಲ.

ಎರಡರ ನಡುವಣ ಗೆರೆ ಎಷ್ಟು ತೆಳುವೆಂಬುದಕ್ಕೆ ಪಿತ್ತಕೋಶವನ್ನು ಲ್ಯಾಪರೋಸ್ಕೋಪಿ ಮೂಲಕ ತೆಗೆಯುವ ಶಸ್ತ್ರಚಿಕಿತ್ಸೆ ಒಳ್ಳೆಯ ಉದಾಹರಣೆ. ಇದರಲ್ಲಿ ಸಾವಿರಕ್ಕೆ ಸುಮಾರು 3ರಿಂದ 5 ರೋಗಿಗಳಲ್ಲಿ ಮುಖ್ಯ ಪಿತ್ತನಾಳಕ್ಕೆ ಗಾಯವಾಗುತ್ತದೆಂದು ವೈದ್ಯಕೀಯ ಸಾಹಿತ್ಯ ಹೇಳುತ್ತದೆ. ಉರಿಯೂತದಿಂದ ಅಂಗಾಂಶಗಳು ಅಂಟಿಕೊಂಡಿದ್ದರೆ ಅನುಭವಿಗಳ ಕೈಯಲ್ಲೂ ಹೀಗಾಗಬಹುದು. ಹಾಗಾಗಿ ಗಾಯವಾದುದಷ್ಟೇ ನಿರ್ಲಕ್ಷ್ಯವಲ್ಲ. ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಕತ್ತರಿಸುವ ಮೊದಲು ನಾಳಗಳನ್ನು ಸ್ಪಷ್ಟವಾಗಿ ಗುರುತಿಸಲಾಗಿತ್ತೆ? ಗುರುತಿಸಲಾಗದಿದ್ದಾಗ ಹೊಟ್ಟೆಯನ್ನು ತೆರೆದು ಮಾಡುವ ವಿಧಾನಕ್ಕೆ ಬದಲಾಯಿಸಲಾಯಿತೆ? ಮೂರನೆಯ ದಿನ ರೋಗಿ ಹೊಟ್ಟೆನೋವು, ಜ್ವರ, ಕಣ್ಣು ಹಳದಿಯಾಗಿರುವುದನ್ನು ಹೇಳಿದಾಗ ಸ್ಕ್ಯಾನಿಂಗ್ ಮಾಡಿಸಲಾಯಿತೆ, ಅಥವಾ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳುಹಿಸಲಾಯಿತೆ? ತೊಡಕನ್ನು ತಡೆಯಲಾಗದಿದ್ದರೂ ಅದನ್ನು ಬೇಗ ಗುರುತಿಸುವುದು ವೈದ್ಯರ ಕೈಯಲ್ಲಿರುತ್ತದೆ. ಅನೇಕ ಪ್ರಕರಣಗಳು ನಿರ್ಣಯವಾಗುವುದು ಇಲ್ಲಿಯೇ.

ಕಾನೂನಿನ ಅಳತೆಗೋಲು

ಭಾರತದ ನ್ಯಾಯಾಲಯಗಳು 1957ರ ಇಂಗ್ಲೆಂಡಿನ ಬೋಲಮ್ ಪ್ರಕರಣದ ತತ್ವವನ್ನು ಅನುಸರಿಸುತ್ತ ಬಂದಿವೆ. ಅದೇ ಕ್ಷೇತ್ರದ ಜವಾಬ್ದಾರಿಯುತ ವೈದ್ಯರ ಒಂದು ವರ್ಗ ಒಪ್ಪುವ ವಿಧಾನವನ್ನು ಅನುಸರಿಸಿದ ವೈದ್ಯರು, ಇನ್ನೊಂದು ವರ್ಗ ಬೇರೆ ವಿಧಾನವನ್ನು ಮೆಚ್ಚುತ್ತದೆ ಎಂಬ ಕಾರಣಕ್ಕೆ ತಪ್ಪಿತಸ್ಥರಾಗುವುದಿಲ್ಲ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ವವನ್ನು ಎತ್ತಿಹಿಡಿದು, ಕ್ರಿಮಿನಲ್ ಹೊಣೆಗೆ ಸಾಮಾನ್ಯ ನಿರ್ಲಕ್ಷ್ಯ ಸಾಲದು, ಘೋರ ನಿರ್ಲಕ್ಷ್ಯವೇ ಬೇಕು ಎಂದಿತು. ಘಟನೆ ನಡೆದ ಕಾಲದಲ್ಲಿ ಸಾಮಾನ್ಯವಾಗಿ ದೊರೆಯದಿದ್ದ ಉಪಕರಣವನ್ನು ಬಳಸಲಿಲ್ಲವೆಂಬ ಆರೋಪ ನಿಲ್ಲದು ಎಂದೂ ಅದೇ ತೀರ್ಪು ಹೇಳಿದೆ.

ಫಲಿತಾಂಶ ಒಂದೇ ಆಗಿದ್ದು ತೀರ್ಪು ಬೇರೆಯಾದುದಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಎರಡು ಪ್ರಕರಣಗಳನ್ನು ಜೊತೆಯಾಗಿ ಓದಬೇಕು. ಎರಡರಲ್ಲೂ ಶಸ್ತ್ರಚಿಕಿತ್ಸೆಯ ನಂತರ ಮಹಿಳೆ ಗರ್ಭಿಣಿಯಾಗಿದ್ದಳು. 2000ದಲ್ಲಿ ತೀರ್ಮಾನವಾದ ಹರಿಯಾಣದ ಪ್ರಕರಣದಲ್ಲಿ ಬಲಭಾಗದ ಡಿಂಬನಾಳಕ್ಕೆ ಮಾತ್ರ ಶಸ್ತ್ರಚಿಕಿತ್ಸೆಯಾಗಿತ್ತು, ಎಡಭಾಗದ್ದನ್ನು ಮುಟ್ಟಿಯೇ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯ ಇದನ್ನು ನಿರ್ಲಕ್ಷ್ಯವೆಂದು ಪರಿಗಣಿಸಿ ಸರ್ಕಾರವನ್ನು ಹೊಣೆಯಾಗಿಸಿತು. 2005ರ ಪಂಜಾಬಿನ ಪ್ರಕರಣದಲ್ಲಿ ಅಂತಹ ಲೋಪ ಸಾಬೀತಾಗಲಿಲ್ಲ. ಸರಿಯಾಗಿ ಮಾಡಿದ ಶಸ್ತ್ರಚಿಕಿತ್ಸೆಯೂ ನೈಸರ್ಗಿಕ ಕಾರಣಗಳಿಂದ ವಿಫಲವಾಗಬಹುದೆಂದು ಹೇಳಿ ನ್ಯಾಯಾಲಯ ಪರಿಹಾರದ ಆದೇಶವನ್ನು ರದ್ದುಪಡಿಸಿತು.

ಕೆಲವು ಪ್ರಸಂಗಗಳಲ್ಲಿ ಘಟನೆಯೇ ಸಾಕ್ಷಿಯಾಗುತ್ತದೆ. ಹೊಟ್ಟೆಯೊಳಗೆ ಬಟ್ಟೆ ಅಥವಾ ಕತ್ತರಿ ಉಳಿಯುವುದು, ಎಡಗಾಲಿನ ಬದಲು ಬಲಗಾಲಿಗೆ ಶಸ್ತ್ರಚಿಕಿತ್ಸೆ ಮಾಡುವುದು ಇವನ್ನು ಯಾರೂ ತೊಡಕೆಂದು ಕರೆಯಲಾರರು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ನಡೆದ ಇಂತಹ ಘಟನೆಯ ಬಗ್ಗೆ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದುದು 1996ರಲ್ಲಿ. ತಪ್ಪು ಇಷ್ಟು ನಿಚ್ಚಳವಾಗಿದ್ದರೂ ಕುಟುಂಬ ಮೂರು ದಶಕ ಕಾಯಬೇಕಾಯಿತು ಎಂಬುದು ಗಮನಾರ್ಹ.

ಒಪ್ಪಿಗೆ

ತೊಡಕೇ ಇಲ್ಲದ ಶಸ್ತ್ರಚಿಕಿತ್ಸೆಯೂ ದುರಾಚಾರವಾಗಬಹುದು. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ತಪಾಸಣೆಗೆ ಮಾತ್ರ ಒಪ್ಪಿದ್ದ ಮಹಿಳೆ ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನು ತೆಗೆಯಲಾಗಿತ್ತು. ಪ್ರಾಣಾಪಾಯದ ತುರ್ತು ಇಲ್ಲದಿರುವಾಗ ವಯಸ್ಕ ರೋಗಿಯ ಪರವಾಗಿ ಬೇರೊಬ್ಬರು ಒಪ್ಪಿಗೆ ಕೊಡಲಾಗದು ಎಂದು ನ್ಯಾಯಾಲಯ ಹೇಳಿತು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು ಹಾಗೂ ಕಲಬುರಗಿ ಜಿಲ್ಲೆಯಲ್ಲಿ ಬಡ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆ ಎಂಬ ಆರೋಪಗಳೂ ಇದೇ ಬಗೆಯವು. ಅಲ್ಲಿನ ಪ್ರಶ್ನೆ ಹೊಲಿಗೆ ಸರಿಯಾಗಿತ್ತೆ ಎಂಬುದಲ್ಲ, ಕತ್ತರಿಸುವ ಅಗತ್ಯವಿತ್ತೆ ಎಂಬುದು. ಕನ್ನಡ ಮಾತ್ರ ಬಲ್ಲ ರೋಗಿಯಿಂದ ಇಂಗ್ಲಿಷ್ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ತಿಳಿವಳಿಕೆಯ ಒಪ್ಪಿಗೆ ಆಗುವುದಿಲ್ಲ.

ವೈದ್ಯರೂ ಅಲ್ಲ, ವಿಧಿಯೂ ಅಲ್ಲ

2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡರು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಹೆರಿಗೆಯಾದ ಬಾಣಂತಿಯರು ಅಸ್ವಸ್ಥರಾಗಿ ಐವರು ಮೃತಪಟ್ಟರು. ಮೊದಲ ಪ್ರಕರಣದಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಕಣ್ಣಿಗೆ ಬಳಸಿದ ದ್ರಾವಣದ ಮೇಲೆ, ಎರಡನೆಯದರಲ್ಲಿ ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ಬಳ್ಳಾರಿಯ ಘಟನೆಯ ನಂತರ ರಾಜ್ಯ ಸರ್ಕಾರ ಆ ಪೂರೈಕೆದಾರರ ದ್ರಾವಣದ ಬಳಕೆಯನ್ನು ತಡೆಹಿಡಿದು ಔಷಧ ನಿಯಂತ್ರಕರನ್ನು ಅಮಾನತುಗೊಳಿಸಿತು. ಒಬ್ಬ ರೋಗಿಗೆ ಸೋಂಕಾದರೆ ಅದು ತೊಡಕಿರಬಹುದು. ಒಂದೇ ಆಸ್ಪತ್ರೆಯಲ್ಲಿ ಕೆಲವೇ ದಿನಗಳಲ್ಲಿ ಹಲವರಿಗೆ ಒಂದೇ ಬಗೆಯ ಹಾನಿಯಾದರೆ ಔಷಧ, ಉಪಕರಣ ಮತ್ತು ಅವುಗಳ ಖರೀದಿ ವ್ಯವಸ್ಥೆಯನ್ನೇ ಪರೀಕ್ಷಿಸಬೇಕಾಗುತ್ತದೆ. ಚಾಕು ಹಿಡಿದ ವೈದ್ಯರನ್ನಷ್ಟೇ ನೋಡುವ ವಿಚಾರಣೆ ಇಂತಹ ಕಡೆ ದಾರಿ ತಪ್ಪುತ್ತದೆ.

ಮಲೆನಾಡಿನ ಸಂದರ್ಭ

ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಬಾಳ್ಳುಪೇಟೆಯಂತಹ ಊರಿನ ರೋಗಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ ಅಥವಾ ಆಲೂರಿನ ತಾಲ್ಲೂಕು ಆಸ್ಪತ್ರೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಇಲ್ಲವೇ ಮಂಗಳೂರು, ಬೆಂಗಳೂರು. ಶಸ್ತ್ರಚಿಕಿತ್ಸೆ ಒಂದು ಊರಿನಲ್ಲಿ, ಹೊಲಿಗೆ ತೆಗೆಸುವುದು ಇನ್ನೊಂದು ಊರಿನಲ್ಲಿ, ಜ್ವರ ಬರುವುದು ತೋಟದ ಲೈನ್ ಮನೆಯಲ್ಲಿ. ಮಳೆಗಾಲದಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿ ಮುಚ್ಚಿದರೆ ಮಂಗಳೂರಿನ ದಾರಿಯೂ ಇಲ್ಲ. ಸಣ್ಣ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ ಇಲ್ಲದಿರುವುದು ಅಲ್ಲಿನ ವೈದ್ಯರ ನಿರ್ಲಕ್ಷ್ಯವಲ್ಲ. ಆದರೆ ಇಲ್ಲವೆಂದು ತಿಳಿದೂ ರೋಗಿಯನ್ನು ಸಕಾಲದಲ್ಲಿ ಮೇಲಿನ ಆಸ್ಪತ್ರೆಗೆ ಕಳುಹಿಸದಿರುವುದು ನಿರ್ಲಕ್ಷ್ಯವಾಗಬಹುದು. ಯಾವ ಲಕ್ಷಣ ಕಂಡರೆ ಕೂಡಲೇ ಹಿಂದಿರುಗಬೇಕು ಎಂಬುದನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆದು, ರೋಗಿಯ ಭಾಷೆಯಲ್ಲಿ ಹೇಳಿ ಕಳುಹಿಸುವುದೂ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಗೆ ಸೇರಿದ್ದು.

ದಾಖಲೆ ಮತ್ತು ದೂರು

ಈ ಭೇದವನ್ನು ಕೊನೆಗೆ ನಿರ್ಣಯಿಸುವುದು ಕಾಗದಪತ್ರಗಳೇ: ಒಪ್ಪಿಗೆ ಪತ್ರ, ಶಸ್ತ್ರಚಿಕಿತ್ಸೆಯ ಟಿಪ್ಪಣಿ, ಅರಿವಳಿಕೆಯ ದಾಖಲೆ, ದಾದಿಯರು ಗಂಟೆಗಂಟೆಗೆ ಬರೆದ ನಾಡಿ, ಜ್ವರ, ರಕ್ತದೊತ್ತಡದ ಪಟ್ಟಿ. 2002ರ ವೈದ್ಯಕೀಯ ನಡವಳಿಕೆಯ ನಿಯಮಾವಳಿಯಂತೆ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಯ್ದಿಡಬೇಕು. ರೋಗಿ ಅಥವಾ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು.

ವೃತ್ತಿ ನಡವಳಿಕೆಯ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತು ವಿಚಾರಿಸುತ್ತದೆ; ಪರಿಹಾರ ಕೊಡಿಸುವುದು ಅದರ ಕೆಲಸವಲ್ಲ. ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಲ್ಲಿ ದೂರು ಸಲ್ಲಿಸಲು ಕಾಲಮಿತಿ 2 ವರ್ಷ. ಎಲ್ಲರಿಗೂ ಉಚಿತ ಸೇವೆ ನೀಡುವ ಆಸ್ಪತ್ರೆ 1995ರ ತೀರ್ಪಿನಂತೆ ಗ್ರಾಹಕ ಕಾನೂನಿನ ಹೊರಗಿರುವುದರಿಂದ, ಅಂತಹ ಸರ್ಕಾರಿ ಆಸ್ಪತ್ರೆಯ ವಿರುದ್ಧ ಪರಿಹಾರ ಕೋರುವವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನೋಂದಾಯಿತ ವೈದ್ಯರಿಗೆ ಗರಿಷ್ಠ 2 ವರ್ಷ, ಇತರರಿಗೆ ಗರಿಷ್ಠ 5 ವರ್ಷ ಸೆರೆವಾಸ ವಿಧಿಸಬಹುದು.